ಉಜ್ಜುವುದು ಬಿಟ್ಟ ಮೇಲೆ ತಿಳಿಯಾದ ಬಂಗು

ಎರಡನೇ ಹೆರಿಗೆಯಾಗಿ ಒಂದೂವರೆ ವರ್ಷ ಕಳೆದರೂ ಕೆನ್ನೆಯ ಬಂಗು ಹೋಗಿರಲಿಲ್ಲ. "ಬಸುರಿಯಲ್ಲಿ ಬರೋದೇ, ತಾನಾಗೇ ಹೋಗುತ್ತೆ ಬಿಡು" ಅಂತ ಎಲ್ಲರೂ ಹೇಳಿದ್ದರು. ಮೊದಲ ಸಲ ಹಾಗೇ ಹೋಗಿತ್ತು ಕೂಡ. ಈ ಸಲ ಎರಡೂ ಕೆನ್ನೆ, ಮೇಲ್ತುಟಿ, ಹಣೆಯ ಒಂದು ಪಟ್ಟಿ ಕಂದಾಗಿಯೇ ಉಳಿದವು. ಜೊತೆಗೆ ಗಲ್ಲದ ಸುತ್ತ ಹಳೇ ಮೊಡವೆಯ ಕಲೆಗಳು. ಎರಡೂ ಒಂದೇ ಅಂದುಕೊಂಡೆ. ಎಡವಿದ್ದು ಅಲ್ಲೇ.

ಮೊದಲು ಉಜ್ಜಿದೆ. ಕಲೆ ಅಂದರೆ ಏನೋ ಮೇಲೆ ಕೂತಿದೆ, ತಿಕ್ಕಿದರೆ ಹೋಗುತ್ತೆ ಅಂತ ಅನ್ನಿಸುತ್ತದಲ್ವಾ? ಹರಳು ಹರಳಾದ ಸ್ಕ್ರಬ್ ತಂದು ದಿನಾ ಬೆಳಗ್ಗೆ ತಿಕ್ಕಿದೆ. ಮೂರು ವಾರಕ್ಕೆ ಮುಖ ಉರಿಯತೊಡಗಿತು, ಕಲೆ ಇನ್ನೂ ಕಪ್ಪಾಯಿತು. ಆಗ ಪರಿಚಯದವರೊಬ್ಬರು ತಾವು ಹಚ್ಚುತ್ತಿದ್ದ ಕ್ರೀಮಿನ ಟ್ಯೂಬು ಕೊಟ್ಟರು. ಹತ್ತೇ ದಿನಕ್ಕೆ ಮುಖ ಎಷ್ಟು ತಿಳಿಯಾಯಿತು ಅಂದರೆ, ಸಿಕ್ಕವರಿಗೆಲ್ಲ ಅದರ ಹೆಸರು ಹೇಳಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಐದು ತಿಂಗಳು ಹಚ್ಚಿದೆ. ಒಮ್ಮೆ ಟ್ಯೂಬು ಖಾಲಿಯಾಗಿ ನಾಲ್ಕು ದಿನ ಬಿಟ್ಟಾಗ ಮುಖವೆಲ್ಲ ಕೆಂಪೇರಿ, ಸಣ್ಣ ಸಣ್ಣ ಗುಳ್ಳೆಗಳೆದ್ದವು. ಮತ್ತೆ ಹಚ್ಚಿದರೆ ಶಾಂತ. ಬಿಟ್ಟರೆ ಉರಿ. ಕೆನ್ನೆಯಲ್ಲಿ ಕೂದಲೆಳೆಯಂಥ ಕೆಂಪು ನರಗಳು ಕಾಣತೊಡಗಿದಾಗ ಹೆದರಿ ಚರ್ಮದ ಡಾಕ್ಟರ ಹತ್ತಿರ ಹೋದೆ.

"ಇಲ್ಲಿವರೆಗೆ ಏನೇನು ಹಚ್ಚಿದ್ದೀರೋ ಅಷ್ಟನ್ನೂ ತನ್ನಿ" ಅಂದರು. ಚೀಲದಲ್ಲಿ ಹನ್ನೊಂದು ಟ್ಯೂಬು, ಡಬ್ಬಿ ಇದ್ದವು. ಅವರು ಒಂದೊಂದನ್ನೂ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಪರಿಚಯದವರು ಕೊಟ್ಟ ಆ ಟ್ಯೂಬಿನಲ್ಲಿ ಮೂರು ಔಷಧಿಗಳಿದ್ದವು: ಚರ್ಮದ ಬಣ್ಣ ತಗ್ಗಿಸುವ ಹೈಡ್ರೊಕ್ವಿನೋನ್, ಚರ್ಮದ ಕೋಶಗಳನ್ನು ಬೇಗ ಉದುರಿಸುವ ಟ್ರೆಟಿನಾಯಿನ್, ಮತ್ತೆ ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ಈ ಮೂರರ ಜೋಡಿ ಹೊಸದೇನಲ್ಲ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ಇಬ್ಬರು ಚರ್ಮವೈದ್ಯರು ಇಂಥ ಮಿಶ್ರಣ ಮಾಡಿ ತೋರಿಸಿದ್ದರು. ಡಾಕ್ಟರ ಕಣ್ಗಾವಲಿನಲ್ಲಿ ಕೆಲವೇ ವಾರ ಹಚ್ಚಿದರೆ ಬಂಗಿಗೆ ಅದು ಒಳ್ಳೆ ಮದ್ದೇ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ರಕ್ತನಾಳ ಹಿಗ್ಗಿಸುತ್ತದೆ, ಮುಖದ ಮೇಲೆ ಕೂದಲನ್ನೂ ಬೆಳೆಸಬಹುದು. ಅಂದಿನಿಂದ ಯಾವ ಟ್ಯೂಬು ಕೈಗೆ ಬಂದರೂ ಹಿಂದೆ ಓದುತ್ತೇನೆ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಅಂತ ಸ್ಟೀರಾಯ್ಡ್ ಹೆಸರು ಕಂಡರೆ ಡಾಕ್ಟರನ್ನು ಕೇಳದೆ ಮುಖಕ್ಕೆ ಮುಟ್ಟಿಸುವುದಿಲ್ಲ.

ಕಲೆ ಹೇಗೆ ಆಗುತ್ತದೆ ಅಂತ ಅವರು ಹೇಳಿದ್ದು ನನ್ನ ತಲೆಯನ್ನೇ ತಿರುಗಿಸಿತು. ಚರ್ಮದ ಮೇಲ್ಪದರದ ತಳದಲ್ಲಿ ಮೆಲನೋಸೈಟ್ ಎಂಬ ಕೋಶಗಳಿವೆ. ಬಣ್ಣ ತಯಾರಿಸುವವು ಇವೇ. ಆ ಬಣ್ಣವೇ ಮೆಲನಿನ್. ಒಂದೊಂದು ಕೋಶವೂ ತನ್ನ ಸುತ್ತಲಿನ ಮೂವತ್ತು ನಲವತ್ತು ಕೋಶಗಳಿಗೆ ಬಣ್ಣ ಹಂಚುತ್ತದೆ. ಅಲ್ಲಿ ಮೆಲನಿನ್ ಕೋಶದ ನಡುವಿನ ಬೀಜಕ್ಕೆ ಕೊಡೆಯಂತೆ ನಿಂತು ಬಿಸಿಲಿಂದ ಕಾಯುತ್ತದೆ. ಗಾಯ, ಉರಿ, ಬಿಸಿಲು ಏನೇ ಬಿದ್ದರೂ ಚರ್ಮ ಕೊಡೆ ಜಾಸ್ತಿ ಬಿಚ್ಚುತ್ತದೆ. ನಾನು ಸ್ಕ್ರಬ್ ಹಿಡಿದು ದಿನಾ ಬೆಳಗ್ಗೆ ಮಾಡುತ್ತಿದ್ದದ್ದು ಅದನ್ನೇ: ಇನ್ನಷ್ಟು ಕೊಡೆ ಬಿಚ್ಚು ಅಂತ ಕೆಣಕುವುದು!

ಮೊಡವೆ ಕಲೆ ಈ ಉರಿಯ ಗುರುತು. ಹೊಸ ಉರಿ ಇಲ್ಲದಿದ್ದರೆ ಕೋಶಗಳು ಮೇಲೇರಿ ಉದುರುತ್ತಾ ಕಲೆಯೂ ನಿಧಾನಕ್ಕೆ ಹೋಗುತ್ತದೆ. ಒಂದು ಸುತ್ತು ಉದುರಿ ಹೊಸದಾಗಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ತಿಂಗಳುಗಳ ಲೆಕ್ಕ. ಬಣ್ಣ ಕೆಳಪದರಕ್ಕೆ ಇಳಿದುಬಿಟ್ಟಿದ್ದರೆ ಕಲೆ ಬೂದು ನೀಲಿಯಾಗಿ ಕಾಣುತ್ತದೆ, ವರ್ಷಗಳೇ ಹಿಡಿಯುತ್ತವೆ. ಬಂಗು ಬೇರೆ ಜಾತಿ. ಅಲ್ಲಿ ಬಣ್ಣದ ಕೋಶಗಳೇ ಚುರುಕಾಗಿಬಿಟ್ಟಿರುತ್ತವೆ. ಹಾರ್ಮೋನು, ಮನೆತನ, ಬಿಸಿಲು, ಬಿಸಿ ಎಲ್ಲ ಸೇರಿ ಅವನ್ನು ಕೆರಳಿಸುತ್ತವೆ. ಕಲೆ ಮಾಸಿದರೂ ಆ ಚುರುಕು ಒಳಗೆ ಇದ್ದೇ ಇರುತ್ತದೆ. "ಇದನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬಹುದು, ಬೇರು ಸಮೇತ ಕೀಳ್ತೀನಿ ಅಂದ್ರೆ ನಂಬಬೇಡಿ" ಅಂದರು ಡಾಕ್ಟರು.

ಮೊದಲ ಎರಡು ತಿಂಗಳು ಕಲೆಗೆ ಅಂತ ಏನೂ ಕೊಡಲಿಲ್ಲ. ಸ್ಟೀರಾಯ್ಡನ್ನು ಹಂತ ಹಂತವಾಗಿ ಬಿಡಿಸಿದರು. ಮೃದುವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಅಷ್ಟೇ. ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ರಾತ್ರಿ ಆ ಹಳೇ ಟ್ಯೂಬಿನ ಕಡೆ ಕೈ ಹೋಗಿದ್ದೂ ಉಂಟು. ಅದನ್ನು ಕಸಕ್ಕೆ ಹಾಕಿದ ಮೇಲೇ ನೆಮ್ಮದಿ.

ಸನ್‌ಸ್ಕ್ರೀನ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ನನ್ನ ಮಟ್ಟಿಗೆ ಅರ್ಧ ಕೆಲಸ ಮಾಡಿದ್ದು ಅದೇ. "ನಾನು ದಿನಾ ಹಚ್ತೀನಿ ಡಾಕ್ಟ್ರೇ" ಅಂದೆ. "ಎಷ್ಟು?" ಅಂದರು. ಕಾಳಿನಷ್ಟು ತೋರಿಸಿದೆ. ಲೇಬಲ್ ಮೇಲಿನ ಎಸ್‌ಪಿಎಫ್ (ಬಿಸಿಲು ಎಷ್ಟು ತಡೆಯುತ್ತದೆ ಅನ್ನೋ ಅಳತೆ) ಅಂಕಿಯನ್ನು ಪರೀಕ್ಷಿಸುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖ, ಕುತ್ತಿಗೆ ಸೇರಿದರೆ ಎರಡು ಬೆರಳುದ್ದ ಬೇಕು. ಕಾಳಿನಷ್ಟು ಹಚ್ಚಿದರೆ ಎಸ್‌ಪಿಎಫ್ ಐವತ್ತರ ಕ್ರೀಮೂ ಐವತ್ತರ ಕೆಲಸ ಮಾಡುವುದಿಲ್ಲ. ಇನ್ನೊಂದು ಸಂಗತಿ ಕೇಳಿ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ, ಅಂದರೆ ಬಿಸಿಲಿನಲ್ಲಿ ಚರ್ಮ ಸುಡುವ ಕಿರಣದ ಬಗ್ಗೆ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ, ಯುವಿಎ ಎಂಬ ಬಿಸಿಲಿನ ಇನ್ನೊಂದು ಕಿರಣ ಮಾತ್ರ ಒಳಗೆ ಬರುತ್ತದೆ. ಅದರ ಜೊತೆ ನಮ್ಮ ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ ನೀಲಿ ನೇರಳೆ ಭಾಗ, ಬಂಗನ್ನು ಕೆರಳಿಸುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದು ಅಷ್ಟಕ್ಕಷ್ಟೇ. ಐರನ್ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ಬೇಕು.

ನಾನು ಕೆಲಸ ಮಾಡುವ ಮೇಜು ಕಿಟಕಿಯ ಪಕ್ಕ. ಎಡಗೆನ್ನೆ ಬಲಗೆನ್ನೆಗಿಂತ ಗಾಢ ಯಾಕೆ ಅಂತ ಆಗ ಹೊಳೆಯಿತು. ಅಂದೇ ಮೇಜು ಸರಿಸಿದೆ. ಬಣ್ಣದ ಸನ್‌ಸ್ಕ್ರೀನ್ ಹೊಂದಿಸಲು ಮೂರು ಟ್ಯೂಬು ಬೇಕಾಯಿತು. ಮೊದಲನೆಯದನ್ನು ಹಚ್ಚಿದರೆ ಬೂದಿ ಬಳಿದುಕೊಂಡ ಹಾಗಿತ್ತು, ಮಗಳು ನಕ್ಕಳು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಚ್ಚುತ್ತೇನೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ತಲೆಗೆ ಅಗಲ ಅಂಚಿನ ಟೋಪಿ.

ಮೂರನೇ ತಿಂಗಳಿಂದ ರಾತ್ರಿ ಅಜೆಲಾಯಿಕ್ ಆಸಿಡ್ 20% ಕ್ರೀಮ್. ಮೆಲನಿನ್ ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು, ಇದು ಅದನ್ನು ತಡೆಯುತ್ತದೆ, ಮೊಡವೆಗೂ ಒಳ್ಳೆಯದು. ಹಚ್ಚಿದ ಕೂಡಲೇ ಚುರುಚುರು ಅನ್ನುತ್ತಿತ್ತು. ದಿನ ಬಿಟ್ಟು ದಿನ ಹಚ್ಚಿ ರೂಢಿ ಮಾಡಿಕೊಂಡೆ. ಆರು ವಾರ ಏನೂ ಆಗಲಿಲ್ಲ. ಕನ್ನಡಿ ನೋಡುತ್ತಿದ್ದರೆ ಬಿಟ್ಟೇಬಿಡುತ್ತಿದ್ದೆ. ಆದರೆ ಪ್ರತಿ ತಿಂಗಳ ಒಂದನೇ ತಾರೀಕು, ಅದೇ ಗೋಡೆ, ಅದೇ ಹೊತ್ತು, ಏನೂ ಹಚ್ಚದ ಮುಖದ ಫೋಟೋ ತೆಗೆಯುತ್ತಿದ್ದೆ. ನಾಲ್ಕು ಫೋಟೋ ಸಾಲಾಗಿ ಇಟ್ಟಾಗ ಗಲ್ಲದ ಕಲೆ ತಿಳಿಯಾದದ್ದು ಕಂಡಿತು. ಬೆಳ್ಳಗಾಗಬೇಕು ಅನ್ನೋ ಆಸೆ ನನಗಿರಲಿಲ್ಲ. ಕಿವಿಯ ಹಿಂದಿನ ನನ್ನ ಸ್ವಂತ ಬಣ್ಣ ಇದೆಯಲ್ಲ, ಕೆನ್ನೆ ಅದಕ್ಕೆ ಹತ್ತಿರ ಬಂತೇ ಅಂತ ಮಾತ್ರ ನೋಡುತ್ತಿದ್ದೆ.

ಬಂಗು ಅಷ್ಟು ಸುಲಭಕ್ಕೆ ಜಗ್ಗಲಿಲ್ಲ. ಅದಕ್ಕೆ ಹೈಡ್ರೊಕ್ವಿನೋನ್ 4%, ರಾತ್ರಿ ಮಾತ್ರ, ಹನ್ನೆರಡು ವಾರಕ್ಕೆ ಕಡ್ಡಾಯವಾಗಿ ನಿಲ್ಲಿಸುವ ಷರತ್ತಿನ ಮೇಲೆ. ವರ್ಷಗಟ್ಟಲೆ ಹಚ್ಚಿದವರಿಗೆ ಓಕ್ರೊನೋಸಿಸ್ ಅಂತ ನೀಲಿಗಪ್ಪು ಕಲೆ ಬರುವುದುಂಟು, ಅದು ಮೂಲ ಕಲೆಗಿಂತ ಹಟಮಾರಿ. ಕಲೆಯ ಮೇಲಷ್ಟೇ ಹಚ್ಚಿ ಅಂದಿದ್ದರು. ನಾನು ಸುಮ್ನೆ ಅಂಚು ದಾಟಿಸಿ ಸವರಿದೆ. ಸುತ್ತ ತೆಳು ಬಣ್ಣದ ಉಂಗುರವೇ ಆಯಿತು! ಅದು ಮಾಸಲು ಎರಡು ತಿಂಗಳು. ಮಗು ಹಾಲು ಬಿಟ್ಟಿದ್ದರಿಂದ ನನಗೆ ಇದನ್ನು ಕೊಟ್ಟರು. ಬಸುರಿಯರು, ಹಾಲೂಡಿಸುವವರು ಇದನ್ನೂ ಟ್ರೆಟಿನಾಯಿನನ್ನೂ ತಾವಾಗಿ ಹಚ್ಚಲೇಬಾರದು. ಬಂಗಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯ ಮಾತೂ ಬಂತು. ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಬಹುದು, ಅದಕ್ಕೇ ರಕ್ತ ಹೆಪ್ಪುಗಟ್ಟಿದ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇತ್ತೇ ಅಂತ ಕೇಳಿದರು. ಅಮ್ಮನಿಗೆ ಕಾಲಿನಲ್ಲಿ ಆಗಿತ್ತು. ಆ ಮಾತು ಅಲ್ಲಿಗೇ ನಿಂತಿತು. ಲೇಸರ್ ಕೇಳಿದೆ. ಅದರ ಬಿಸಿಗೆ ಬಂಗು ಇನ್ನೂ ಹೆಚ್ಚಬಹುದು, ಈಗ ಬೇಡ ಅಂದರು.

ಇದೇ ಹೊತ್ತಿಗೆ ಅಕ್ಕ ತನ್ನ ಕುತ್ತಿಗೆ ತೋರಿಸಿದಳು. ಹಿಂದೆಲ್ಲ ಕಪ್ಪು, ಮುಟ್ಟಿದರೆ ಮಕಮಲ್ಲಿನ ಹಾಗೆ ದಪ್ಪ. ಅವಳೂ ವರ್ಷದಿಂದ ಉಜ್ಜುತ್ತಿದ್ದಳು. ಡಾಕ್ಟರು ಕ್ರೀಮಿನ ಬದಲು ಸಕ್ಕರೆ ಪರೀಕ್ಷೆ ಬರೆದುಕೊಟ್ಟರು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕುತ್ತಿಗೆ, ಕಂಕುಳು ಹೀಗೆ ಕಪ್ಪಾಗುವುದುಂಟಂತೆ. ಅವಳ ಸಕ್ಕರೆ ಗಡಿ ದಾಟುವುದರಲ್ಲಿತ್ತು.

ಹತ್ತನೇ ತಿಂಗಳ ಫೋಟೋದಲ್ಲಿ ಗಲ್ಲದ ಕಲೆ ಹುಡುಕಿದರೂ ಸಿಗಲಿಲ್ಲ. ಕೆನ್ನೆಯ ಬಂಗು ಗೊತ್ತಿದ್ದವರಿಗೆ ಮಾತ್ರ ಕಾಣುತ್ತಿತ್ತು. ಆ ಖುಷಿಯಲ್ಲಿ ನಾಲ್ಕು ದಿನದ ಪ್ರವಾಸಕ್ಕೆ ಹೋದೆ. ಬೆಳಗ್ಗೆ ಒಮ್ಮೆ ಹಚ್ಚಿ ದಿನವೆಲ್ಲ ಬಿಸಿಲಲ್ಲಿ ತಿರುಗಿದೆ. ಎರಡೇ ವಾರಕ್ಕೆ ಬಂಗು ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ವಾಪಸ್. ಮತ್ತೆ ಅಜೆಲಾಯಿಕ್ ಶುರು ಮಾಡಿ ಮೂರು ತಿಂಗಳಾಯಿತು. ಕೆನ್ನೆ ತಿಳಿಯಾಗುತ್ತಿದೆ. ಮೇಲ್ತುಟಿಯದ್ದು ಮಾತ್ರ ಹಾಗೇ ಇದೆ.