ಸುರಂಗದ ಸುತ್ತ ಬಂಡೆ ಎಷ್ಟು ಸರಿಯುತ್ತದೆ? ಲೆಕ್ಕ ಹಾಕುವ ಬಗೆ

ಸುರಂಗ ಕೊರೆದಾಗ ಕಲ್ಲು ಹೊರಗೆ ಬರುತ್ತದೆ, ಅದು ಹೊತ್ತಿದ್ದ ಭಾರ ಒಳಗೇ ಉಳಿಯುತ್ತದೆ. ಸುತ್ತಲಿನ ಬಂಡೆಯೇ ಅದನ್ನು ಹೊರಬೇಕು. ಯಾರ ಪಾಲಿಗೆ ಎಷ್ಟು ಎಂದು ಮೊದಲೇ ಅಂದಾಜಿಸಬಹುದು.

ಮೊದಲ ಹೆಜ್ಜೆ, ಕೊರೆಯುವ ಮುಂಚಿನ ಒತ್ತಡ. ಮೀಟರ್ ಆಳಕ್ಕೆ ಸುಮಾರು 0.027 ಮೆಗಾಪಾಸ್ಕಲ್‌ನಂತೆ 400 ಮೀಟರ್ ಕೆಳಗೆ ಲಂಬ ಒತ್ತಡ 10.8. ಅಡ್ಡ ಒತ್ತಡವನ್ನು ಮಾತ್ರ ಊಹಿಸಬೇಡಿ, ಸ್ಥಳದಲ್ಲೇ ಅಳೆಯಿಸಿ. ಅದು ಲಂಬಕ್ಕಿಂತ ಹೆಚ್ಚೂ ಇರಬಹುದು.

ಆಮೇಲೆ ಬಂಡೆಯೆಲ್ಲ ಒಂದೇ ತೆರನೆಂದು ಇಟ್ಟುಕೊಂಡು ದುಂಡು ಸುರಂಗಕ್ಕೆ ಜರ್ಮನ್ ಎಂಜಿನಿಯರ್ ಕಿರ್ಷ್ 1898ರಲ್ಲಿ ಕೊಟ್ಟ ಸೂತ್ರ ಬಳಸಿ. ಲಂಬ ಒತ್ತಡದ ಮೂರು ಪಟ್ಟಿನಲ್ಲಿ ಅಡ್ಡ ಒತ್ತಡ ಕಳೆದರೆ ಪಕ್ಕದ ಗೋಡೆಯ ಒತ್ತಡ. ಅಡ್ಡದ ಮೂರು ಪಟ್ಟಿನಲ್ಲಿ ಲಂಬ ಕಳೆದರೆ ಛಾವಣಿಯದು. ಛಾವಣಿಯ ಉತ್ತರ ಸೊನ್ನೆಗಿಂತ ಕೆಳಗಿಳಿದರೆ ಅಲ್ಲಿ ಎಳೆತವಿದೆ ಎಂದರ್ಥ. ಒತ್ತಿದರೆ ತಾಳುವ ಕಲ್ಲು ಎಳೆದರೆ ಬೇಗ ಬಿರಿಯುತ್ತದೆ.

ಈಗ ನಿಜವಾದ ಬಂಡೆಗೆ ಬನ್ನಿ. ಹೆಚ್ಚಿನವರು ಎಡವುವುದು ಇಲ್ಲೇ: ಗಟ್ಟಿ ಪದರ, ಮೆದು ಪದರ ಎರಡನ್ನೂ ಸೇರಿಸಿ ಸರಾಸರಿ ತೆಗೆದುಬಿಡುತ್ತಾರೆ. ಎಲ್ಲ ದಿಕ್ಕಿನಿಂದ 10.8 ಮೆಗಾಪಾಸ್ಕಲ್ ಒತ್ತಡವಿರುವ, 2.5 ಮೀಟರ್ ತ್ರಿಜ್ಯದ ಸುರಂಗ ನೋಡಿ. ಸ್ಥಿತಿಸ್ಥಾಪಕ ಗುಣಾಂಕ (ಬಂಡೆ ಎಷ್ಟು ಬಿಗಿ ಎಂಬುದರ ಅಳತೆ) 50 ಗಿಗಾಪಾಸ್ಕಲ್ ಇರುವ ಬಂಡೆಯಲ್ಲಿ ಗೋಡೆ ಒಳಕ್ಕೆ ಸರಿಯುವುದು 1 ಮಿಲಿಮೀಟರಿಗೂ ಕಡಿಮೆ. 2 ಗಿಗಾಪಾಸ್ಕಲ್‌ನ ಮೆದು ಬಂಡೆಯಲ್ಲಿ ಸುಮಾರು 17! ಇವೆರಡೂ ಒಂದೇ ಸುರಂಗದಲ್ಲಿ ಅಂಟಿಕೊಂಡಿದ್ದರೆ ಮೆದು ಪದರ ಸರಿಯುತ್ತದೆ, ಗಟ್ಟಿಯದು ಭಾರವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ನಡುವಿನ ಗಡಿ ಜಾರಲು ನೋಡುತ್ತದೆ. ಆದ್ದರಿಂದ ಹೆಚ್ಚು ಸರಿದ ಜಾಗವೇ ಹೆಚ್ಚು ಒತ್ತಡದ ಜಾಗವೆಂದು ತಿಳಿಯಬಾರದು. ಅಲುಗಾಡದೆ ನಿಂತ ಗಟ್ಟಿ ಡೈಕ್ (ಬಂಡೆಯ ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾಪಟ್ಟಿ) ಸದ್ದಿಲ್ಲದೆ ಒತ್ತಡ ತುಂಬಿಕೊಂಡು ಒಮ್ಮೆಲೇ ಸಿಡಿಯಬಹುದು.

ಸುರಂಗವನ್ನು ಮುಟ್ಟದ ಪದರಗಳನ್ನೂ ನಕ್ಷೆಯಲ್ಲಿ ಗುರುತಿಸಿ. ಸಮ ಒತ್ತಡದಲ್ಲಿ ಗೋಡೆಯಿಂದ ಒಂದು ವ್ಯಾಸದಷ್ಟು ಒಳಗೆ ಒತ್ತಡದ ಹೆಚ್ಚಳ ಶೇ 11ಕ್ಕೆ ಇಳಿಯುತ್ತದೆ. ಅಷ್ಟರೊಳಗಿನ ಮೆದು ಪದರವನ್ನು ಬಿಡುವಂತಿಲ್ಲ. ಇಷ್ಟಾದ ಮೇಲೆ ಕೈಲೆಕ್ಕ ಸಾಲದು, ಕಂಪ್ಯೂಟರ್ ಮಾದರಿ ಬೇಕು. ಅದರಲ್ಲಿ ಪದರಗಳ ಗಡಿಯ ಬಳಿ, ಲೆಕ್ಕಕ್ಕಾಗಿ ಬಂಡೆಯನ್ನು ಚೂರುಗಳಾಗಿ ಭಾಗಿಸುವ ಬಲೆಯನ್ನು ಸಣ್ಣದಾಗಿ ಹೆಣೆಯಿರಿ, ಗಡಿ ಜಾರಲು ಅವಕಾಶ ಕೊಡಿ.

ಕೊನೆಗೆ ಅಳತೆ. ಸ್ಥಿತಿಸ್ಥಾಪಕ ಬಂಡೆಯಲ್ಲಿ ಒಟ್ಟು ಸರಿತದ ಸರಿಸುಮಾರು ಮೂರನೇ ಒಂದು ಭಾಗ ಕೊರೆತ ಆ ಜಾಗ ತಲುಪುವಷ್ಟರಲ್ಲೇ ಮುಗಿದಿರುತ್ತದೆ. ಆಮೇಲೆ ಕೂರಿಸಿದ ಉಪಕರಣ ಅದನ್ನು ಕಾಣುವುದಿಲ್ಲ, ನೀವು ಸೇರಿಸಿಕೊಳ್ಳಬೇಕು. ಕೊರೆತ ನಿಲ್ಲಿಸಿದ ಮೇಲೂ ಒಂದು ಬದಿಯ ಅಳತೆ ಏರುತ್ತಲೇ ಇದ್ದರೆ ಮೊದಲ ರಾಕ್‌ಬೋಲ್ಟ್ (ಬಂಡೆಯನ್ನು ಬಿಗಿಹಿಡಿಯುವ ಸರಳು) ಅಲ್ಲಿಗೆ ಹೋಗಲಿ.