ಬ್ರೇಕ್ ಒತ್ತಿದಾಗ ನಡುಗುತ್ತಿದ್ದ ಸ್ಟೇರಿಂಗ್: ನನ್ನ ಅನುಭವ

ಬಹಳ ವರ್ಷಗಳಿಂದ ನನ್ನ ಬಳಿಯಿರುವ ಹಳೆಯ ಸ್ಪೋರ್ಟ್ಸ್ ಸೆಡಾನಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ ಎತ್ತರವನ್ನು 30 ಮಿ.ಮೀ. ತಗ್ಗಿಸಿದ ಮೇಲೆ, ವೇಗದಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ನಡುಗತೊಡಗಿತು. ಡಿಸ್ಕ್‌ಗಳೂ ಚಕ್ರಗಳ ಬ್ಯಾಲೆನ್ಸಿಂಗೂ ಸರಿಯಾಗಿದ್ದವು. ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್‌ನ ಬುಷ್ಷನ್ನು (ಅದರ ಕೀಲಿನಲ್ಲಿರುವ ರಬ್ಬರಿನ ಜೋಡಣೆ) ಸನ್ನೆಕೋಲಿನಿಂದ ಮೀಟಿದಾಗ, ರಬ್ಬರು ಒಳಗಿನ ಉಕ್ಕಿನ ಕೊಳವೆಯಿಂದ ಅರ್ಧ ಸುತ್ತು ಕಿತ್ತುಬಂದಿರುವುದು ಕಾಣಿಸಿತು. ಇಂಥ ಬುಷ್‌ನಲ್ಲಿ ರಬ್ಬರು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಆದ್ದರಿಂದ ಕೊಳವೆಯ ಮೂಲಕ ಹಾಯ್ದು ಹಳೆಯ ಎತ್ತರಕ್ಕೆ ಬಿಗಿದಿದ್ದ ಬೋಲ್ಟನ್ನು ಸಡಿಲಿಸದೆ ಕಾರನ್ನು ತಗ್ಗಿಸಿದರೆ, ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಹೊಸ ಬುಷ್ ಕೂರಿಸಿ, ಕಾರಿನ ಭಾರವೆಲ್ಲ ಚಕ್ರಗಳ ಮೇಲೆ ಬಿದ್ದ ನಂತರವೇ ಟಾರ್ಕ್ ರೆಂಚಿನಿಂದ (ನಿಗದಿತ ಬಲಕ್ಕೆ ಬಿಗಿಯುವ ಸ್ಪ್ಯಾನರ್) ಬೋಲ್ಟ್ ಬಿಗಿದು, ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಪಾಲಿಯುರೆಥೇನ್ ಬುಷ್ ಹೆಚ್ಚು ಬಿಗುವಾದುದಾದರೂ ರಸ್ತೆಯ ಅದುರನ್ನು ಒಳಗೆ ಬಿಡುತ್ತದೆ; ದಿನವೂ ಓಡಿಸುವ ಕಾರಿಗೆ ನನ್ನ ಆಯ್ಕೆ ರಬ್ಬರೇ. ಈಗ ಎಷ್ಟು ಜೋರಾಗಿ ಬ್ರೇಕ್ ಒತ್ತಿದರೂ ಸ್ಟೇರಿಂಗ್ ಅಲುಗುವುದಿಲ್ಲ.