ಆಗಸ್ಟ್‌ನ ಟೊಮೆಟೊ, ಜನವರಿಯ ಸಾರು

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಟೊಮೆಟೊ ಸಸಿ ಮಣ್ಣಿಗಿಳಿಯುವುದು ಮೇ ಎರಡನೇ ಭಾನುವಾರದ ಅಮ್ಮಂದಿರ ದಿನ ಕಳೆದ ಮೇಲೆ. ಅಕ್ಟೋಬರ್‌ನಲ್ಲಿ ಹಿಮ ಬಿದ್ದರೆ ಒಂದೇ ರಾತ್ರಿಯಲ್ಲಿ ಗಿಡ ಕಪ್ಪಾಗಿ ಜೋತುಬೀಳುತ್ತದೆ. ಈ ನಡುವೆ ಆಗಸ್ಟ್ ಬಂತೆಂದರೆ ಅಕ್ಕಪಕ್ಕದವರಿಗೆ ಹಂಚಿದರೂ ಮುಗಿಯದಷ್ಟು ಹಣ್ಣು. ಅದನ್ನು ಗಾಜಿನ ಸೀಸೆಗೆ ತುಂಬಿ, ಕುದಿಯುವ ನೀರಿನಲ್ಲಿ ಬೇಯಿಸಿ, ನೆಲಮಾಳಿಗೆಯ ಕಪಾಟಿನಲ್ಲಿ ಸಾಲಾಗಿ ಇಡುವುದು ಮಿಡ್‌ವೆಸ್ಟ್, ಅಂದರೆ ಅಮೆರಿಕದ ಮಧ್ಯ-ಪಶ್ಚಿಮ ಭಾಗದ ಮನೆಗಳ ಹಳೆಯ ರೂಢಿ. ಅಲ್ಲಿ ಇದಕ್ಕೆ ಕ್ಯಾನಿಂಗ್ ಎನ್ನುತ್ತಾರೆ. ಸೀಸೆಗೂ ಈ ರಾಜ್ಯಕ್ಕೂ ನಂಟಿದೆ: ಮನೆಮಾತಾಗಿರುವ ಬಾಲ್ ಸೀಸೆಯನ್ನು ತಯಾರಿಸಿದ ಬಾಲ್ ಸಹೋದರರು 1880ರ ದಶಕದ ಕೊನೆಗೆ ತಮ್ಮ ಗಾಜಿನ ಕಾರ್ಖಾನೆಯನ್ನು ಬಫಲೋದಿಂದ ಇಂಡಿಯಾನಾದ ಮನ್ಸಿ ಪಟ್ಟಣಕ್ಕೆ ತಂದರು.

ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ಒಗ್ಗುವ ಕೆಲಸ. ಹೊರಗೆ ಹಿಮ ಸುರಿಯುವಾಗ ಹಿತ್ತಿಲ ಹಣ್ಣಿನಲ್ಲೇ ಸಾರು ಕುದಿಸಬಹುದು. ಆದರೆ ಎರಡು ವಿಷಯಗಳಲ್ಲಿ ಕೈಯಳತೆ, ಕಣ್ಣಳತೆ ನಡೆಯುವುದಿಲ್ಲ: ಹುಳಿ ಮತ್ತು ಕುದಿಸುವ ಹೊತ್ತು.

ಹುಳಿ ಯಾಕೆ ಬೇಕು

ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆಯನ್ನುಂಟುಮಾಡುವ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿನೀರಿಗೆ ಸಾಯುವುದಿಲ್ಲ. ಗಾಳಿಯಾಡದ ಸೀಸೆಯೇ ಅವಕ್ಕೆ ಹೇಳಿಮಾಡಿಸಿದ ಜಾಗ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅಂದರೆ ಸಾಕಷ್ಟು ಹುಳಿ ಇದ್ದರೆ ಮಾತ್ರ ಅವು ಬೆಳೆಯಲಾರವು. ಟೊಮೆಟೊ ಸರಿಯಾಗಿ ಈ ಗೆರೆಯ ಆಚೀಚೆ ನಿಂತಿರುವ ಹಣ್ಣು. ನಾಲಿಗೆಗೆ ಹುಳಿ ಎನಿಸಿದರೂ ನಂಬುವಂತಿಲ್ಲ. ಹಾಗಾಗಿ ಕ್ವಾರ್ಟ್ ಸೀಸೆಗೆ (ಸುಮಾರು 950 ಮಿ.ಲೀ.) ಬಾಟಲಿಯಲ್ಲಿ ಸಿಗುವ ನಿಂಬೆರಸ 2 ಟೇಬಲ್ ಚಮಚ, ಇಲ್ಲವೇ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಅರ್ಧ ಟೀ ಚಮಚ. ಪೈಂಟ್ ಸೀಸೆಗೆ (ಕ್ವಾರ್ಟ್‌ನ ಅರ್ಧದಷ್ಟು ಹಿಡಿಯುವುದು) ಇದರ ಅರ್ಧ. ಮನೆಯಲ್ಲೇ ಹಿಂಡಿದ ನಿಂಬೆರಸದ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ, ಅದು ಬೇಡ. ಹುಣಸೆಹುಳಿಗೂ ಇದೇ ಮಾತು.

ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಗೊಜ್ಜನ್ನೇ ಸೀಸೆಗೆ ತುಂಬೋಣ ಎಂಬ ಆಸೆ ಸಹಜ. ದಯವಿಟ್ಟು ಬೇಡ. ಅವುಗಳಲ್ಲಿ ಹುಳಿ ಕಡಿಮೆ, ಒಟ್ಟಾರೆ ಲೆಕ್ಕವೇ ತಪ್ಪುತ್ತದೆ. ಒಗ್ಗರಣೆ ಸೀಸೆ ಬಿಚ್ಚಿದ ದಿನಕ್ಕಿರಲಿ.

ಹಣ್ಣು, ಸೀಸೆ

ಏಳು ಕ್ವಾರ್ಟ್‌ಗೆ ಸುಮಾರು 10 ಕಿಲೋ ಹಣ್ಣು ಬೇಕು. ರೋಮಾ, ಅಮಿಶ್ ಪೇಸ್ಟ್‌ನಂಥ ತಿರುಳು ಹೆಚ್ಚಿರುವ ತಳಿಗಳಾದರೆ ನೀರು ಕಡಿಮೆ. ಗಟ್ಟಿಯಾದ, ಪೂರ್ತಿ ಕೆಂಪಾದ ಹಣ್ಣೇ ಇರಲಿ. ಹಿಮಕ್ಕೆ ಸತ್ತ ಗಿಡದ ಹಣ್ಣನ್ನು ಮಾತ್ರ ಬಳಸಬೇಡಿ, ಅದರಲ್ಲಿ ಹುಳಿ ಇಳಿದಿರುತ್ತದೆ.

ಮುಚ್ಚಳ ಎರಡು ಭಾಗದ್ದು: ಅಂಚಿನಲ್ಲಿ ರಬ್ಬರಿನಂಥ ಲೇಪವಿರುವ ಚಪ್ಪಟೆ ತಟ್ಟೆ, ಮೇಲೊಂದು ತಿರುಪಿನ ಬಳೆ. ಬಳೆ ಎಷ್ಟು ಸಲವಾದರೂ ಬರುತ್ತದೆ, ತಟ್ಟೆ ಒಂದೇ ಸಲಕ್ಕೆ. ಸೀಸೆಯ ಬಾಯಿಗೆ ಬೆರಳಾಡಿಸಿ ನೋಡಿ, ಉಗುರಿನಷ್ಟು ಚಕ್ಕೆ ಎದ್ದಿದ್ದರೂ ಗಾಳಿ ನುಸುಳುತ್ತದೆ. ತೊಳೆದ ಸೀಸೆಗಳನ್ನು ಬಿಸಿನೀರಿನಲ್ಲೇ ಇಟ್ಟುಕೊಳ್ಳಿ. ತಣ್ಣನೆಯ ಗಾಜಿಗೆ ಕುದಿಯುವ ರಸ ಸುರಿದರೆ ಬುಡ ಬಿರಿಯುತ್ತದೆ.

ತುಂಬುವುದು

ಹಣ್ಣನ್ನು ಕುದಿನೀರಿನಲ್ಲಿ 30ರಿಂದ 60 ಸೆಕೆಂಡ್ ಅದ್ದಿ ತಣ್ಣೀರಿಗೆ ಹಾಕಿ. ಸಿಪ್ಪೆ ತಾನಾಗಿ ಕಳಚುತ್ತದೆ. ತೊಟ್ಟಿನ ಬುಡ ಕೊರೆದು ನಾಲ್ಕು ಹೋಳು ಮಾಡಿ.

ಮುಂದಿನ ಹಂತದಲ್ಲೇ ಹಲವರು ಎಡವುವುದು. ಎಲ್ಲ ಹೋಳನ್ನೂ ಒಟ್ಟಿಗೆ ಪಾತ್ರೆಗೆ ಸುರಿಯಬೇಡಿ. ಆರನೇ ಒಂದು ಭಾಗವನ್ನಷ್ಟೇ ಹಾಕಿ, ದೊಡ್ಡ ಉರಿಯಲ್ಲಿ ಮರದ ಸೌಟಿನಿಂದ ಜಜ್ಜುತ್ತಾ ಬೇಗ ಕುದಿಸಿ. ಕುದಿ ಬಂದ ಮೇಲೆ ಉಳಿದ ಹೋಳುಗಳನ್ನು ಸ್ವಲ್ಪ ಸ್ವಲ್ಪವಾಗಿ, ಕೈಯಾಡಿಸುತ್ತಾ ಸೇರಿಸಿ. ಅವನ್ನು ಜಜ್ಜಬೇಕಿಲ್ಲ. ಕೊಯ್ದ ಹಣ್ಣು ತಣ್ಣಗೆ ಕೂತಷ್ಟೂ ಅದರೊಳಗಿನ ಕಿಣ್ವ ಪೆಕ್ಟಿನ್ ಅಂಟನ್ನು ಮುರಿಯುತ್ತದೆ. ಆಮೇಲೆ ಸೀಸೆಯಲ್ಲಿ ತಿಳಿನೀರು ಒಂದು ಕಡೆ, ತಿರುಳು ಇನ್ನೊಂದು ಕಡೆ. ತಕ್ಷಣದ ಬಿಸಿ ಆ ಕಿಣ್ವವನ್ನು ನಿಲ್ಲಿಸಿ ರಸವನ್ನು ಗಟ್ಟಿಯಾಗಿಡುತ್ತದೆ. ಎಲ್ಲ ಸೇರಿದ ಮೇಲೆ 5 ನಿಮಿಷ ಹದವಾಗಿ ಕುದಿಯಲಿ.

ಮೊದಲು ಸೀಸೆಗೆ ಹುಳಿ, ಆಮೇಲೆ ಬಿಸಿ ಟೊಮೆಟೊ. ಕ್ವಾರ್ಟ್‌ಗೆ 1 ಟೀ ಚಮಚ ಉಪ್ಪು ರುಚಿಗೆ ಮಾತ್ರ, ಬಿಟ್ಟರೂ ಕೆಡುವುದಿಲ್ಲ. ಮೇಲೆ ಅರ್ಧ ಇಂಚು ಜಾಗ ಬಿಡಿ. ಚಪ್ಪಟೆ ಕಡ್ಡಿಯನ್ನು ಒಳಗೆ ಸುತ್ತಾಡಿಸಿ ಗಾಳಿಗುಳ್ಳೆ ಬಿಡಿಸಿ, ಬಾಯಿಯಂಚು ಒರೆಸಿ, ಬಳೆಯನ್ನು ಬೆರಳ ತುದಿಯ ಬಲದಲ್ಲಷ್ಟೇ ತಿರುಗಿಸಿ. ಬಿಗಿಯಾಗಿ ತಿರುಚಿದರೆ ಒಳಗಿನ ಗಾಳಿ ಹೊರಹೋಗಲಾರದು.

ಕುದಿಸುವ ಹೊತ್ತು

ಆಳದ ಪಾತ್ರೆಯ ತಳದಲ್ಲಿ ಜಾಲರಿ ಇಟ್ಟು ಸೀಸೆಗಳನ್ನು ನಿಲ್ಲಿಸಿ. ಮುಚ್ಚಳದ ಮೇಲೆ ಒಂದೆರಡು ಇಂಚು ನೀರಿರಬೇಕು. ನೀರು ಕೊತಕೊತ ಕುದಿಯತೊಡಗಿದ ಮೇಲೆಯೇ ಗಡಿಯಾರ ನೋಡಿ: ಕ್ವಾರ್ಟ್‌ಗೆ 45 ನಿಮಿಷ, ಪೈಂಟ್‌ಗೆ 35. ನಡುವೆ ಕುದಿ ನಿಂತರೆ ಎಣಿಕೆ ಮತ್ತೆ ಮೊದಲಿನಿಂದ.

ಇದು ಸಮುದ್ರಮಟ್ಟದಿಂದ ಸಾವಿರ ಅಡಿಯೊಳಗಿನ ಊರುಗಳ ಲೆಕ್ಕ. ಷಿಕಾಗೊ, ಇಂಡಿಯಾನಾಪೊಲಿಸ್ ಎರಡೂ ಅದರೊಳಗೇ ಬರುತ್ತವೆ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಹೊತ್ತು ಹೆಚ್ಚು ಬೇಕು. ಕರ್ನಾಟಕದಲ್ಲಿ ಮಾಡುವವರಿಗೆ ಕ್ವಾರ್ಟ್‌ನ ಲೆಕ್ಕ: ಮಂಗಳೂರಿನಲ್ಲಿ 45, ಮೈಸೂರಿನಲ್ಲಿ 50, ಬೆಂಗಳೂರಿನಲ್ಲಿ 55 ನಿಮಿಷ.

ಉರಿ ಆರಿಸಿ, ಪಾತ್ರೆಯ ಮುಚ್ಚಳ ತೆಗೆದು 5 ನಿಮಿಷ ಬಿಡಿ. ಅವಸರದಲ್ಲಿ ಎತ್ತಿದರೆ ರಸ ಹೊರಚಿಮ್ಮಿ ಸೀಸೆ ಅರ್ಧ ಖಾಲಿಯಾಗುತ್ತದೆ. ಎತ್ತಿದ ಸೀಸೆಗಳನ್ನು ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಇಡಿ. ತಣಿಯುತ್ತಾ ಒಂದೊಂದೇ ಮುಚ್ಚಳ ‘ಟಿಣ್’ ಎಂದು ಒಳಕ್ಕೆ ಜಗ್ಗುವ ಸದ್ದು ಕೇಳಿಸುತ್ತದೆ. ಆಗಸ್ಟ್ ಸಂಜೆಯ ಅಡುಗೆಮನೆಯಲ್ಲಿ ಎಲ್ಲರೂ ಕಿವಿಗೊಟ್ಟು ಎಣಿಸುವುದು ಇದನ್ನೇ.

12ರಿಂದ 24 ಗಂಟೆ ಮುಟ್ಟಬೇಡಿ. ಆಮೇಲೆ ಬಳೆ ಬಿಚ್ಚಿ ಮುಚ್ಚಳದ ನಡುವೆ ಒತ್ತಿ ನೋಡಿ. ಮೇಲೆ ಕೆಳಗೆ ಆಡಿದರೆ ಆ ಸೀಸೆ ಸರಿಯಾಗಿ ಮುಚ್ಚಿಲ್ಲ. ಫ್ರಿಜ್‌ಗೆ ಇಟ್ಟು ಅದನ್ನೇ ಮೊದಲು ಬಳಸಿ. ಉಳಿದವನ್ನು ಒರೆಸಿ, ತಾರೀಖು ಬರೆದು, ಬಳೆಯಿಲ್ಲದೆಯೇ ಕತ್ತಲ ತಂಪು ಜಾಗದಲ್ಲಿಟ್ಟು ವರ್ಷದೊಳಗೆ ಮುಗಿಸಿ. ಮುಚ್ಚಳ ಉಬ್ಬಿದ್ದರೆ, ಬಿಚ್ಚುವಾಗ ರಸ ಚಿಮ್ಮಿದರೆ ರುಚಿ ನೋಡುವುದಕ್ಕೂ ಹೋಗಬೇಡಿ.